ಜಿಡ್ಡಿನ ಮೇಲೆ ಬಣ್ಣ ನಿಲ್ಲದು

ಹಳೆಯ ಅಂಬಾಸಿಡರ್‌ನ 1,489 ಸಿಸಿ ಎಂಜಿನ್ ಕೆಳಗಿಳಿಸಿದವರಿಗೆ ಮೊದಲು ಕಾಣುವುದು ಕಬ್ಬಿಣವಲ್ಲ, ಎಣ್ಣೆ-ಧೂಳು ಕಲೆತು ಗಟ್ಟಿಯಾದ ಕರಿ ಜಿಡ್ಡು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ನೇರ ಬಣ್ಣ ಹೊಡೆಯುವುದೇ ಹಲವರ ತಪ್ಪು. ಸೀಮೆಎಣ್ಣೆ ಆರಿದರೂ ತೆಳ್ಳನೆಯ ಎಣ್ಣೆಪದರ ಉಳಿಯುತ್ತದೆ. ಎಂಜಿನ್ ಕಾದಾಗ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ತೊಳೆಯುವ ಮುನ್ನ ರಂಧ್ರಗಳನ್ನೆಲ್ಲ ಮುಚ್ಚಿ. ಜಿಡ್ಡನ್ನು ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ. ಸೀಮೆಎಣ್ಣೆಯ ನಂತರ ಸೋಪುನೀರು, ಪೂರ್ತಿ ಒಣಗಿದ ಮೇಲೆ ಥಿನ್ನರ್ ಅದ್ದಿದ ಬಿಳಿ ಬಟ್ಟೆ. ಬಟ್ಟೆ ಕಪ್ಪಾಗುತ್ತಿರುವಷ್ಟು ಹೊತ್ತು ಕೆಲಸ ಮುಗಿದಿಲ್ಲ.

ಗೇರ್‌ಬಾಕ್ಸ್ ಕವಚ ಅಲ್ಯುಮಿನಿಯಂನದಾದರೆ ಕಾಸ್ಟಿಕ್ ಸೋಡಾ ಹತ್ತಿರವೂ ತರಬೇಡಿ. ಅದು ಲೋಹವನ್ನೇ ತಿನ್ನುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಗ್ಯಾರೇಜು ಚಾಳಿಯಂತೂ ಬೇಡವೇ ಬೇಡ, ಒಂದು ಕಿಡಿ ಸಾಕು.

ಅನುಮಾನವೇ? ನೀರು ಚಿಮುಕಿಸಿ ನೋಡಿ. ಹನಿಗಟ್ಟಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ತೊಳೆಯಿರಿ.