ಹಗೇವಿನಿಂದ ಹತ್ತಿಯ ಟೊಪ್ಪಿಗೆಯವರೆಗೆ

ಉದ್ದೇಶ: ವಿಪತ್ತಿನ ಸಿದ್ಧತೆಯು ಆಯಾ ಕಾಲದ ಭಯವನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಅರಿಯುವುದು, ಭಯಕ್ಕೂ ಎಚ್ಚರಕ್ಕೂ ಇರುವ ಅಂತರವನ್ನು ಗುರುತಿಸುವುದು.

ವಿಷಯ ವಿವರಣೆ

ಬಯಲುಸೀಮೆಯ ಹಿರಿಯರಿಗೆ ಬರಗಾಲವೇ ದೊಡ್ಡ ಭಯವಾಗಿತ್ತು. ಅದಕ್ಕಾಗಿ ಅವರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮುಚ್ಚಿದ ಹಗೇವಿನ ಗಾಳಿ ಪ್ರಾಣಾಪಾಯಕಾರಿ; ಆದುದರಿಂದ ಬಾಯಿ ತೆರೆದ ಕೂಡಲೇ ಒಳಗಿಳಿಯಬಾರದೆಂಬುದು ರೂಢಿ. ಆ ಸಿದ್ಧತೆ ನಿತ್ಯದ ಬಾಳಿನಲ್ಲಿಯೇ ಬೆರೆತಿತ್ತು.

ಆಧುನಿಕ ಕಾಲದ ಭಯ ಬೇರೆ ಬಗೆಯದು. 1949ರಲ್ಲಿ ಸೋವಿಯತ್ ಒಕ್ಕೂಟವು ಅಣುಬಾಂಬನ್ನು ಪರೀಕ್ಷಿಸಿದ ಬಳಿಕ, ಅಮೆರಿಕದ ಶಾಲಾಮಕ್ಕಳಿಗೆ ಮೇಜಿನಡಿ ಅವಿತುಕೊಳ್ಳುವುದನ್ನು ಕಲಿಸಲಾಯಿತು. 1951ರಲ್ಲಿ ತಯಾರಾದ ಚಿತ್ರವೊಂದರಲ್ಲಿ ಬರ್ಟ್ ಎಂಬ ಆಮೆಯು ಚಿಪ್ಪಿನೊಳಗೆ ಸೇರಿ ಈ ಪಾಠ ಹೇಳಿತು. ದೂರದ ಸ್ಫೋಟದಲ್ಲಿ ಸಿಡಿಯುವ ಗಾಜಿನಿಂದ ಮೇಜು ಕಾಪಾಡಬಹುದಿತ್ತು. ಹತ್ತಿರದ ಸ್ಫೋಟದಲ್ಲಿ ಅದರಿಂದ ಫಲವಿರಲಿಲ್ಲ. ಮನುಷ್ಯನೇ ಮಾಡಿದ್ದು ಮನುಷ್ಯನ ಕೈಮೀರುವುದೆಂಬ ಅಂಜಿಕೆ ಅಲ್ಲಿ ಕಾಣುತ್ತದೆ.

ಜಪಾನಿನಲ್ಲಿ 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಮಡಿದರು. 1960ರಿಂದ ಆ ದಿನವನ್ನು ವಿಪತ್ತು ತಡೆ ದಿನವಾಗಿ ಆಚರಿಸಲಾಗುತ್ತಿದೆ. ಅಲ್ಲಿನ ಅನೇಕ ಶಾಲೆಗಳಲ್ಲಿ ಮಕ್ಕಳು ಹತ್ತಿ ತುಂಬಿದ ಟೊಪ್ಪಿಗೆಯನ್ನು ಕುರ್ಚಿಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಯುದ್ಧಕಾಲದ ವಿಮಾನದಾಳಿಯ ಟೊಪ್ಪಿಗೆಯೇ ಅದರ ಮೂಲ. ಒಂದು ಭಯಕ್ಕೆ ಹೊಲಿದದ್ದು ಇನ್ನೊಂದು ಭಯಕ್ಕೆ ಒದಗಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸೊಲ್ಲಾಪುರಕ್ಕೆ ದೂರವಲ್ಲದ ಕಿಲ್ಲಾರಿ ಕಂಪಿಸಿತು. ಭದ್ರವೆಂದು ನಂಬಿದ್ದ ಕಲ್ಲುಮಣ್ಣಿನ ದಪ್ಪ ಗೋಡೆಗಳೇ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಭಯವಿಲ್ಲದಿರುವುದೂ ಸುರಕ್ಷತೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಶಿಕ್ಷಕರ ಗಮನಕ್ಕೆ

ಕೈಗೆ ಕೆಲಸವಿಲ್ಲದ ಭಯ ಮಗುವನ್ನು ಕುಗ್ಗಿಸುತ್ತದೆ. ಕೆಲಸ ದೊರೆತಾಗ ಅದೇ ಭಯ ಎಚ್ಚರವಾಗುತ್ತದೆ. ಆದುದರಿಂದ ಅಣಕು ಅಭ್ಯಾಸದಲ್ಲಿ ಪ್ರತಿ ಮಗುವಿಗೂ ಒಂದು ಹೊಣೆಯಿರಲಿ: ಬಾಗಿಲು ತೆರೆಯುವುದು, ಚಿಕ್ಕವರ ಕೈಹಿಡಿಯುವುದು, ಹಾಜರಿ ಎಣಿಸುವುದು.

ಗಡಿಯಾಚೆಯ ಕನ್ನಡ ಶಾಲೆಗೆ ಇನ್ನೊಂದು ಹೊಣೆಯೂ ಇದೆ. ಮುನ್ನೆಚ್ಚರಿಕೆಯು ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲಿ ಬರುತ್ತದೆ. ವಯನಾಡಿನ ಮಗುವಿಗೆ ‘ಉರುಳ್‌ಪೊಟ್ಟಲ್’ ಎಂದರೆ ಭೂಕುಸಿತವೆಂದೂ, ಅಕ್ಕಲಕೋಟೆಯ ಮಗುವಿಗೆ ‘ಪೂರ್’ ಎಂದರೆ ನೆರೆಯೆಂದೂ ಕೂಡಲೇ ತಿಳಿಯಬೇಕು. ಅರ್ಥ ಹುಡುಕಲು ಆಗ ವೇಳೆಯಿರದು.

ಚಟುವಟಿಕೆ

1. ಮನೆಯ ಹಿರಿಯರು ಯಾವ ಆಪತ್ತಿಗೆ ಅಂಜುತ್ತಿದ್ದರು, ಏನನ್ನು ಕೂಡಿಡುತ್ತಿದ್ದರು? ಕೇಳಿ ಬರೆಯಿರಿ.
2. ಎಚ್ಚರಿಕೆಯ ಹತ್ತು ಪದಗಳನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಬರೆದು ತರಗತಿಯ ಗೋಡೆಗೆ ಹಚ್ಚಿರಿ.
3. ಚರ್ಚಿಸಿರಿ: ಹಗೇವು ಮತ್ತು ಮೇಜಿನಡಿಯ ಆಸರೆ, ಇವುಗಳಲ್ಲಿ ಯಾವುದು ಸಿದ್ಧತೆ, ಯಾವುದು ಬರಿಯ ಸಮಾಧಾನ?