ತಾಮ್ರ ಗೊಣಗುತ್ತಿತ್ತು, ಗಾಜು ಗೊಣಗುವುದಿಲ್ಲ

ದೊಡ್ಡಬಳ್ಳಾಪುರದಲ್ಲಿ ನಾನು ಹುಟ್ಟಿ ಬೆಳೆದದ್ದು ಮಗ್ಗದ ಬೀದಿಯಲ್ಲಿ. ಲಟಲಟ ಸದ್ದು ನಿಂತರೆ ಕರೆಂಟು ಹೋಯಿತು ಅಂತ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. 2006ರಲ್ಲಿ ಟೆಲಿಫೋನ್ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡುವ ಗುತ್ತಿಗೆ ಕೆಲಸಕ್ಕೆ ಸೇರಿದಾಗ ಬಂದ ಮೊದಲ ದೂರೂ ಮಗ್ಗದ ಮನೆಯದೇ.

"ಬೆಳಗ್ಗೆ ಆರಕ್ಕೆ ಚೆನ್ನಾಗೇ ಇರ್ತದೆ ಕಣಪ್ಪ. ಎಂಟಕ್ಕೆ ಮಗ್ಗ ಶುರುವಾಯ್ತು ಅಂದ್ರೆ ನಿನ್ನ ನೆಟ್ಟು ಕಣ್ಣು ಮುಚ್ಕೊಳ್ತದೆ" ಎಂದರು ಯಜಮಾನರು.

ಮಗ್ಗಕ್ಕೂ ನೆಟ್ಟಿಗೂ ಏನು ಸಂಬಂಧ ಅಂತ ಒಳಗೊಳಗೇ ನಕ್ಕು ಮೋಡೆಮ್ ಬದಲಿಸಿ ಬಂದೆ. ಮರುದಿನ ಅದೇ ದೂರು. ಇನ್ನೊಂದು ಮೋಡೆಮ್ ಹಾಕಿದೆ. ಮೂರನೇ ದಿನ ಹಿರಿಯ ಲೈನ್‌ಮನ್ ಒಬ್ಬರು ಜೊತೆಗೆ ಬಂದರು. ಅವರು ಮೋಡೆಮ್ ಕಡೆ ತಿರುಗಿಯೂ ನೋಡಲಿಲ್ಲ. ಫೋನೆತ್ತಿ ಕಿವಿಗಿಟ್ಟುಕೊಂಡು ಅರ್ಧ ನಿಮಿಷ ನಿಂತರು, ಆಮೇಲೆ ನನ್ನ ಕೈಗೆ ಕೊಟ್ಟರು. ಡಯಲ್ ಟೋನಿನ ಹಿಂದೆ ಕಾದ ಎಣ್ಣೆಗೆ ನೀರು ಸಿಡಿದಂಥ ಚರಪರ.

ಮನೆಯಿಂದ ಎರಡು ಕಂಬ ಆಚೆ, ಟೇಪು ಸುತ್ತಿದ್ದ ಒಂದು ಜಾಯಿಂಟ್ ಬಿಚ್ಚಿದರು. ಜೋಡಿಯ ಒಂದು ಎಳೆ ಹಸಿರು ಕಿಲುಬು ಹಿಡಿದಿತ್ತು. ಟೆಲಿಫೋನ್ ಜೋಡಿಯ ಎರಡು ಎಳೆಗಳನ್ನು ಹೆಣೆದಿರುವುದು ಸುಮ್ಮನೆ ಅಲ್ಲ. ಹೊರಗಿನ ಮೋಟಾರಿನ ಗದ್ದಲ ಎರಡರ ಮೇಲೂ ಒಂದೇ ಸಮ ಬಿದ್ದರೆ ಆ ತುದಿಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದು ಎಳೆ ಕಿಲುಬಿದರೆ ಆ ಸಮತೋಲ ಹೋಯಿತು, ಗದ್ದಲವೆಲ್ಲ ಒಳಗೆ. ಮಾತಿಗೆ ಬೇಕಾದದ್ದು 4 ಕಿಲೋಹರ್ಟ್ಸ್ ಒಳಗಿನ ಜಾಗ. ಬ್ರಾಡ್‌ಬ್ಯಾಂಡ್ ಅದೇ ತಂತಿಯಲ್ಲಿ ಅದರ ಮೇಲಿನ ಜಾಗದಲ್ಲಿ ಓಡುತ್ತದೆ. ಹಾಗಾಗಿ ಮಾತು ಹೇಗೋ ನಡೆಯುತ್ತಿತ್ತು, ನೆಟ್ ಸಾಯುತ್ತಿತ್ತು. ಜಾಯಿಂಟ್ ಹೊಸದಾಗಿ ಹಾಕಿದ ಮೇಲೆ ಮಗ್ಗವೂ ಓಡಿತು, ನೆಟ್ಟೂ ಓಡಿತು. ಯಜಮಾನರ ಮಾತಿನಲ್ಲೇ ಕಾರಣ ಇತ್ತು. ನಾನು ನಕ್ಕು ಎರಡು ದಿನ ಕಳೆದಿದ್ದೆ.

ಆಗ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದರು. 2004ರ ಕೇಂದ್ರದ ನೀತಿಯೇ ಹಾಗಿತ್ತು. 2023ರಲ್ಲಿ ಆ ಮಿತಿ 2 ಮೆಗಾಬಿಟ್‌ಗೆ ಏರಿತು. ಈಗ ಅಷ್ಟು ಕೊಟ್ಟರೆ ಮನೆಯ ಮಕ್ಕಳೇ ನನ್ನನ್ನು ಓಡಿಸಿಬಿಡುತ್ತಾರೆ.

2010ರ ಹೊತ್ತಿಗೆ ಕೇಬಲ್ ಟೀವಿ ನಡೆಸುತ್ತಿದ್ದ ಗೆಳೆಯನೊಬ್ಬನ ಜೊತೆ ಸೇರಿ ನಮ್ಮದೇ ಸಣ್ಣ ಜಾಲ ಶುರು ಮಾಡಿದೆ. ದೊಡ್ಡ ಕಂಪನಿಯಿಂದ ಬ್ಯಾಂಡ್‌ವಿಡ್ತ್ ತಗೊಂಡು, ತಾರಸಿಯಿಂದ ತಾರಸಿಗೆ ಎಂಟೆಳೆಯ ಕ್ಯಾಟ್-5 ಕೇಬಲ್ ಎಳೆದು ಮನೆಮನೆಗೆ ಈಥರ್ನೆಟ್. ತಾಮ್ರದ ಈಥರ್ನೆಟ್ಟಿಗೆ 100 ಮೀಟರ್ ಲಕ್ಷ್ಮಣರೇಖೆ. ಅದು ಮುಗಿಯುವುದರೊಳಗೆ ಒಂದು ಸ್ವಿಚ್ಚು, ಸ್ವಿಚ್ಚಿಗೊಂದು ಡಬ್ಬಿ, ಡಬ್ಬಿಗೆ ಯಾರದೋ ಮನೆಯ ಕರೆಂಟು. ಆ ಮನೆಯವರು ಊರಿಗೆ ಹೊರಟು ಮೇನ್ ಸ್ವಿಚ್ ಆರಿಸಿದರೆ ಮುಂದಿನ ಹನ್ನೆರಡು ಮನೆಗೆ ನೆಟ್ ಇಲ್ಲ.

ಆ ಕಾಲದಲ್ಲಿ ಹೆಚ್ಚು ಕಾಡಿದ್ದು ಒಂದು ಪ್ಲಗ್ಗು. ಹೊಸ ಹುಡುಗನೊಬ್ಬ ಆರ್‌ಜೆ-45 ಕ್ರಿಂಪ್ ಮಾಡುವಾಗ ಜೋಡಿಗಳನ್ನು ಇದ್ದ ಸಾಲಿನಲ್ಲೇ ಜೋಡಿಸಿದ್ದ: ಕಿತ್ತಳೆ ಆದ ಮೇಲೆ ಹಸಿರು, ಆಮೇಲೆ ನೀಲಿ. ನೋಡಲು ಅಂದ. ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿದವು. ಮನೆಯೊಳಗೆ ಹತ್ತು ಮೀಟರ್ ತಂತಿಯಲ್ಲಿ ಕೆಲಸವೂ ಮಾಡಿತು. ಅದೇ ಹುಡುಗ 70 ಮೀಟರ್ ಆಚೆಯ ಮನೆಗೆ ಹಾಗೇ ಹಾಕಿದಾಗ ಪುಟ ತೆರೆಯಲು ಮುಂಜಾನೆಯಿಂದ ಮಧ್ಯಾಹ್ನ. ಮೂರನೇ ಮತ್ತು ಆರನೇ ಪಿನ್ನಿಗೆ ಒಂದೇ ಜೋಡಿಯ ಎರಡು ಎಳೆ ಹೋಗಬೇಕು. ಇಲ್ಲಿ ಬೇರೆಬೇರೆ ಜೋಡಿಯ ಎಳೆ ಹೋಗಿದ್ದವು. ಮತ್ತೆ ಅದೇ ಮಗ್ಗದ ಮನೆಯ ಪಾಠ. ದೀಪ ಹತ್ತಿತು ಅಂದರೆ ಎಳೆ ತುಂಡಾಗಿಲ್ಲ ಅಂತ ಮಾತ್ರ ಅರ್ಥ, ಲೈನ್ ಸರಿಯಿದೆ ಅಂತಲ್ಲ.

ಕೇಬಲ್ಲಿನಲ್ಲೂ ಮೋಸ ಹೋಗಿದ್ದೇನೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಸುರುಳಿಯ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ: ಅಲ್ಯೂಮಿನಿಯಮ್, ಮೇಲೆ ತಾಮ್ರದ ಲೇಪ. ಅಂದಿನಿಂದ ಕೆರೆಯದೆ ಕಾಸು ಕೊಟ್ಟಿಲ್ಲ.

ತಾಮ್ರಕ್ಕೆ ನಾನು ನಮಸ್ಕಾರ ಹೇಳಿದ್ದು ಒಂದು ಭರಣಿ ಮಳೆಯ ಸಂಜೆ. ಒಂದೇ ಸಿಡಿಲು, ಎಲ್ಲಿ ಬಿತ್ತೋ ಗೊತ್ತಿಲ್ಲ. ತಾರಸಿಗಳ ಮೇಲಿನ ಹನ್ನೊಂದು ಸ್ವಿಚ್ಚುಗಳಲ್ಲಿ ಸುಟ್ಟ ವಾಸನೆ, ಎರಡು ಮನೆಯ ಕಂಪ್ಯೂಟರೂ ಹೋಗಿದ್ದವು. ತಂತಿ ನೆಟ್ಟನ್ನು ಹೊತ್ತ ಹಾಗೇ ಸಿಡಿಲನ್ನೂ ಹೊತ್ತು ತಂದಿತ್ತು.

2017ರಲ್ಲಿ ಪೂರಾ ಫೈಬರ್‌ಗೆ ಬಂದೆವು. ಈಥರ್ನೆಟ್ ಅಂದರೆ ತಂತಿಯ ಹೆಸರಲ್ಲ, ಮಾತಾಡುವ ರೀತಿ ಅಂತ ನನಗೆ ಅರ್ಥವಾದದ್ದು ಆಗಲೇ. ಅದೇ ಈಥರ್ನೆಟ್ಟು, ತಾಮ್ರದ ಬದಲು ಗಾಜಿನ ಮೇಲೆ. ನಮ್ಮ ಕೋಣೆಯಲ್ಲಿ ಕೂತು ಬೆಳಕು ಕಳಿಸುವ ಓಎಲ್‌ಟಿ ಯಂತ್ರದಿಂದ ಹೊರಟ ಒಂದು ಎಳೆ ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ ಎಂಟಾಗಿ, ಮತ್ತೆ ಎಂಟಾಗಿ ಒಡೆದು 64 ಮನೆಗೆ ಹೋಗುತ್ತದೆ. ದಾರಿಯಲ್ಲಿ ಸ್ವಿಚ್ಚಿಲ್ಲ, ಕರೆಂಟು ಬೇಡ. ಲೆಕ್ಕ ಮಾತ್ರ ಬೇಕು. ಎಂಟಾಗಿ ಒಡೆದ ಪ್ರತಿ ಸಲವೂ ಸುಮಾರು 10 ಡಿಬಿ ಬೆಳಕು ಖರ್ಚು. ಪ್ಲಸ್ 5ರಲ್ಲಿ ಹೊರಟದ್ದು ಮನೆ ಸೇರುವಾಗ ಮೈನಸ್ 18, 20. ಮೈನಸ್ 20 ಅಂದರೆ ಒಂದು ಮಿಲಿವಾಟಿನಲ್ಲಿ ನೂರನೇ ಒಂದು ಪಾಲು. ಅಷ್ಟರಲ್ಲೇ ಮನೆಯಲ್ಲಿ ಬೆಳಕು ಹಿಡಿಯುವ ಡಬ್ಬಿ ಸುಖವಾಗಿರುತ್ತದೆ. ನಾವು ಹಾಕುವ ಡಬ್ಬಿ ಮೈನಸ್ 27ರ ಆಚೆ ಸೋಲುತ್ತದೆ.

ತೊಡಕಿರುವುದು ಇಲ್ಲೇ. ಮೈನಸ್ 18ರಲ್ಲೂ ಹಸಿರು ದೀಪ, 26ರಲ್ಲೂ ಹಸಿರು ದೀಪ. ತಾಮ್ರ ಕೆಡುವ ಮುಂಚೆ ಚರಪರ ಅನ್ನುತ್ತಿತ್ತು, ನಿಧಾನವಾಗುತ್ತಿತ್ತು, ಮಳೆ ಬಂದರೆ ರಗಳೆ ತೆಗೆಯುತ್ತಿತ್ತು. ಗಾಜಿಗೆ ಕಿವಿಗೊಟ್ಟರೆ ಏನೂ ಕೇಳಿಸದು. ಕೆಂಪು ದೀಪ ಬರುವ ಹಿಂದಿನ ಕ್ಷಣದವರೆಗೂ ಎಲ್ಲ ಕ್ಷೇಮ.

ಇದನ್ನು ಕಲಿಸಿದ್ದು 2020ರ ಲಾಕ್‌ಡೌನಿನ ಒಂದು ರಾತ್ರಿ. ಒಂದೇ ಎಳೆಯ ನಲವತ್ತು ಮನೆ ಒಟ್ಟಿಗೆ ಬಂದ್. ಕೇಬಲ್ ಕಟ್ ಆಗಿರಲಿಲ್ಲ. ಪವರ್ ಮೀಟರ್ ಹಿಡಿದರೆ ಬೆಳಕು ಬರುತ್ತಿತ್ತು. ಓಎಲ್‌ಟಿ ಬದಲಿಸಿ ನೋಡಿದೆವು. ಕೊನೆಗೆ ಕಂಬ ಹತ್ತಿ ಸ್ಪ್ಲಿಟರ್‌ನ ಒಂದೊಂದೇ ಕಾಲು ಬಿಚ್ಚುತ್ತಾ ಹೋದೆ. ನಾನು "ಬಂತಾ?" ಅಂದರೆ ಕೆಳಗಿನಿಂದ ಗೆಳೆಯ ಫೋನಿನಲ್ಲಿ "ಬರ್ಲಿಲ್ಲ" ಅನ್ನುತ್ತಿದ್ದ. ಯಾವ ಕಾಲು ಯಾವ ಮನೆಗೆ ಹೋಗುತ್ತದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಐದು ಗಂಟೆ ಬೇಕಾಯಿತು.

ಸಿಕ್ಕಿದ್ದು ಇಷ್ಟು: ಒಂದು ಮನೆಯಲ್ಲಿ ಡಬ್ಬಿ ಕೆಟ್ಟಿತ್ತು. ನಮಗೆ ತೊಂದರೆ ಕೊಡುವುದು ಬೇಡ ಅಂತ ಅವರ ಭಾವಮೈದ ಎಲ್ಲಿಂದಲೋ ಹಳೆಯ ಮೀಡಿಯಾ ಕನ್ವರ್ಟರ್ ತಂದು ನಮ್ಮ ಫೈಬರ್ ಚುಚ್ಚಿದ್ದ. ನಮ್ಮ ಜಾಲದಲ್ಲಿ ಮನೆಗಳು ಸರದಿಯ ಮೇಲೆ ಮಾತಾಡುತ್ತವೆ. ಒಬ್ಬರು ಬೆಳಕು ಕಳಿಸುವಾಗ ಉಳಿದವರು ಸುಮ್ಮನಿರಬೇಕು. ಕನ್ವರ್ಟರ್‌ಗೆ ಸರದಿ ಗೊತ್ತಿಲ್ಲ. ಅದು ಬಿಡದೆ ಬೆಳಕು ಬಿಡುತ್ತಲೇ ಇತ್ತು, ಉಳಿದ ಯಾರ ಮಾತೂ ಓಎಲ್‌ಟಿಗೆ ತಲುಪಲಿಲ್ಲ. ಬೈಯಲು ಬಾಯಿ ಬರಲಿಲ್ಲ. ಆತ ಒಳ್ಳೆಯದಕ್ಕೇ ಮಾಡಿದ್ದ. ಲೆಕ್ಕ ಇಡದಿದ್ದವನು ನಾನು.

ಮರುದಿನ ಉದ್ದದ ರೂಲು ಪುಸ್ತಕ ತಂದೆ. ಯಾವ ಕಂಬ, ಸ್ಪ್ಲಿಟರ್‌ನ ಎಷ್ಟನೇ ಕಾಲು, ಯಾರ ಮನೆ, ಹಾಕಿದ ದಿನದ ರೀಡಿಂಗ್ ಎಷ್ಟು. ತಿಂಗಳಿಗೊಮ್ಮೆ ಓಎಲ್‌ಟಿಯಲ್ಲಿ ನೋಡಿ ಪಕ್ಕದಲ್ಲಿ ಹೊಸ ರೀಡಿಂಗ್. ದಾಬಸ್‌ಪೇಟೆಯಿಂದ ಹೊಸಕೋಟೆ ಕಡೆಗಿನ ರಸ್ತೆ ಅಗಲವಾಗುವಾಗ ಜೆಸಿಬಿ ಎಷ್ಟು ಸಲ ನಮ್ಮ ಕೇಬಲ್ ಎಳೆಯಿತೋ ಲೆಕ್ಕವಿಲ್ಲ. ಯಾವ ಕಂಬದಲ್ಲಿ ಎಷ್ಟು ಮೀಟರ್ ಸುರುಳಿ ಮಿಗಿಸಿದ್ದೇವೆ ಅನ್ನುವುದು ಪುಸ್ತಕದಲ್ಲಿದ್ದದ್ದರಿಂದ ಸ್ಪ್ಲೈಸಿಂಗ್ ಮೆಷಿನ್ ಹೊತ್ತು ನೇರ ಅಲ್ಲಿಗೇ ಹೋಗುತ್ತಿದ್ದೆವು.

ಕಳೆದ ತಿಂಗಳು ಪುಟ ತಿರುವುವಾಗ ಒಂದು ಮನೆಯ ಸಾಲು ಕಣ್ಣಿಗೆ ಬಿತ್ತು: 19.2, 19.3, 22.8, 25.1. ಹೋಗಿ ಬಾಗಿಲು ತಟ್ಟಿದೆ. "ನಾವಿನ್ನೂ ಫೋನೇ ಮಾಡಿಲ್ವಲ್ಲಣ್ಣ, ನೆಟ್ ಚೆನ್ನಾಗೇ ಬರ್ತಾ ಐತೆ" ಎಂದರು ಆಕೆ. ಹಾಲ್‌ನಲ್ಲಿ ಹೊಸ ಬೀರು ಬಂದಿತ್ತು. ಅದನ್ನು ಒಂದು ಗೇಣು ಸರಿಸಿ ಎಳೆಯೊಳಗೆ ಕೆಂಪು ಲೇಸರ್ ಬಿಟ್ಟೆ. ಬೀರುವಿನ ಹಿಂದೆ ಮಡಚಿಹೋಗಿದ್ದ ಜಾಗದಲ್ಲಿ ಫೈಬರ್ ಕೆಂಡದ ಹಾಗೆ ಹೊಳೆಯಿತು. ಬೆಳಕು ಅಲ್ಲೇ ಸೋರುತ್ತಿತ್ತು. ಮಡಿಕೆ ಬಿಡಿಸಿ, ಅಗಲವಾಗಿ ಬಳಸಿ ಗೋಡೆಗೆ ಕ್ಲಿಪ್ ಹೊಡೆದೆ.

"ಏನೂ ಕೆಟ್ಟೇ ಇರ್ಲಿಲ್ಲ, ಸುಮ್ನೆ ಬಂದ್ರಾ?" ಅಂದರು ಕಾಫಿ ಲೋಟ ಕೊಡುತ್ತಾ.

ಅಂದು ಫೋನ್ ಕಿವಿಗಿಟ್ಟು ನಿಂತಿದ್ದ ಲೈನ್‌ಮನ್ ನೆನಪಾದರು. ಸುಮ್ಮನೆ ನಕ್ಕು, ಪುಸ್ತಕ ತೆಗೆದು 19.4 ಅಂತ ಬರೆದುಕೊಂಡೆ.