ಕೆಂಪು ವೈನ್ ದ್ರಾಕ್ಷಿ: ಹಾಕುವ ಮೊದಲು ತಳಿ ತಿಳಿಯಿರಿ

ವೈನ್ ದ್ರಾಕ್ಷಿ ಹಾಕೋಣವೇ ಅಂತ ಕೇಳುವವರಿಗೆ ನಾನು ಮೊದಲು ಒಂದು ಹಣ್ಣು ಹಿಚುಕಿ ತೋರಿಸುತ್ತೇನೆ. ಬಹುಪಾಲು ಕರಿ ತಳಿಗಳ ರಸ ಬಿಳಿಯೇ. ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜದ್ದು. ಸಿಪ್ಪೆ ಸಮೇತ ಹುಳಿ ಬರಿಸಿದರೆ ಮಾತ್ರ ಕೆಂಪು ವೈನ್. ಹಾಗಾಗಿ ಹಣ್ಣು ದಪ್ಪ ಇದ್ದಷ್ಟೂ ರೇಟು ಎಂಬ ನಮ್ಮ ಮಾರ್ಕೆಟ್ ಲೆಕ್ಕ ಇಲ್ಲಿ ತಲೆಕೆಳಗು.

ಕ್ಯಾಬರ್ನೆ ಸೊವಿನ್ಯೋಂ ನೋಡಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಗರು ಜಾಸ್ತಿ, ಮಾಗುವುದು ತಡ. ಇದು ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋಂ ಬ್ಲಾಂಕ್ ತಾವಾಗಿ ಕೂಡಿ ಹುಟ್ಟಿದ ತಳಿ ಎಂದು 1997ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಕರಿ ಹಣ್ಣಿನ ವಂಶದಲ್ಲೊಂದು ಬಿಳಿ! ಮೆರ್ಲೊ ಇದಕ್ಕಿಂತ ಬೇಗ ಮಾಗುತ್ತದೆ, ಸಿಪ್ಪೆ ತೆಳು, ವೈನೂ ಮೆದು.

ಶಿರಾಜ್ ಫ್ರಾನ್ಸಿನ ರೋನ್ ಕಣಿವೆಯದು, ಅಲ್ಲಿ ಸಿರಾ ಅನ್ನುತ್ತಾರೆ. ಬಿಸಿಲಿಗೆ ಒಗ್ಗುತ್ತದೆ, ಬಣ್ಣ ಗಾಢ, ವೈನಿನಲ್ಲಿ ಕಾಳುಮೆಣಸಿನ ವಾಸನೆ. ಆದರೆ ಮಾಗಿದ್ದನ್ನು ಬಳ್ಳಿಯಲ್ಲೇ ಬಿಟ್ಟರೆ ಸುಕ್ಕಿ ತೂಕ ಕಳಕೊಳ್ಳುತ್ತದೆ. ಕೊಯ್ಲು ಎರಡು ವಾರ ಮುಂದೆ ಹೋದರೆ ನಷ್ಟ ನಮಗೇ.

ನಮ್ಮ ಬೆಂಗಳೂರು ಬ್ಲೂ ಬೇರೆ ಜಾತಿ, ಅಮೆರಿಕದ ಮೂಲದ್ದು. ಒತ್ತಿದರೆ ತಿರುಳು ಗೋಲಿಯ ಹಾಗೆ ಜಾರುತ್ತದೆ. ಸಕ್ಕರೆ ಕಮ್ಮಿ, ಹುಳಿ ಹೆಚ್ಚು. ವೈನಿಗೆ ಮೇಲಿನವುಗಳ ಸಮ ಅಲ್ಲ. ಆದರೆ ವೈನರಿ ಬೇಡ ಎಂದರೂ ಇದನ್ನು ಸಂತೆಗೆ, ಜ್ಯೂಸಿಗೆ ಕೊಡಬಹುದು. ಬೀಜ ತುಂಬಿದ ಕ್ಯಾಬರ್ನೆಯನ್ನು ಯಾರು ತಿಂತಾರೆ? 2009ರ ಸುಮಾರಿಗೆ ನಾಸಿಕ್ ಸೀಮೆಯಲ್ಲಿ ವೈನ್ ದಾಸ್ತಾನು ಮಾರಾಟವಾಗದೆ ನಿಂತಾಗ ಬಳ್ಳಿಯನ್ನೇ ಕಿತ್ತ ರೈತರಿದ್ದಾರೆ.

ಸಸಿಗೆ ಮುಂಗಡ ಕೊಡುವ ಮೊದಲು ವೈನರಿಯವರಿಂದ ಬರವಣಿಗೆಯಲ್ಲಿ ಕೇಳಿ: ಎಷ್ಟು ಬ್ರಿಕ್ಸ್ ಸಕ್ಕರೆ ಬೇಕು (ಕೆಂಪಿಗೆ ಸಾಮಾನ್ಯವಾಗಿ 22ರಿಂದ 24), ಅಳೆಯುವವರು ಯಾರು, ಅಳೆದ ಎಷ್ಟು ದಿನದಲ್ಲಿ ಲಾರಿ ಬರುತ್ತದೆ.